ಸಂಧಿಯಿಂದ ಸಂಧಿಗೆ: ಎಳೆಯ ಮಕ್ಕಳ ದೀರ್ಘ ಓದು ಮತ್ತು ಕೋಟ ಸೀಮೆಯ ಪರಂಪರೆ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

1. ವಿಷಯದ ವ್ಯಾಪ್ತಿ

ಪ್ರಾಥಮಿಕ ಶಾಲೆಯ ಮಗು ಅಕ್ಷರ ಕಲಿತ ಮೇಲೆ, ಯಾರ ಒತ್ತಾಯವೂ ಇಲ್ಲದೆ, ಹಲವು ಅಧ್ಯಾಯಗಳಿರುವ ಒಂದು ಕಥೆಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಸಂತೋಷಕ್ಕಾಗಿಯೇ ಓದುವಂತಾಗುವುದು ಹೇಗೆ ಎಂಬುದು ಈ ಉಪನ್ಯಾಸದ ವಿಷಯ. ಇಂಥ ಪುಸ್ತಕವನ್ನು ಇಲ್ಲಿ ‘ಅಧ್ಯಾಯ ಪುಸ್ತಕ’ ಎಂದು ಕರೆಯಲಾಗಿದೆ. ಪುಟಕ್ಕೊಂದು ದೊಡ್ಡ ಚಿತ್ರವೂ ಅದರ ಕೆಳಗೆ ಎರಡು ಸಾಲೂ ಇರುವ ಚಿತ್ರಪುಸ್ತಕಕ್ಕೂ ದೊಡ್ಡವರು ಓದುವ ಕಾದಂಬರಿಗೂ ನಡುವೆ ನಿಲ್ಲುವ ಈ ಬಗೆಯ ಪುಸ್ತಕದಲ್ಲಿ ಒಂದೇ ಕಥೆ ಹಲವು ಸಣ್ಣ ಅಧ್ಯಾಯಗಳಾಗಿ ಹಂಚಿಕೊಂಡಿರುತ್ತದೆ. ಪ್ರತಿಯೊಂದು ಅಧ್ಯಾಯವೂ ಒಮ್ಮೆ ಕುಳಿತರೆ ಓದಿ ಮುಗಿಯುವಷ್ಟಿರುತ್ತದೆ. ಅಲ್ಲಲ್ಲಿ ಚಿತ್ರಗಳಿದ್ದರೂ ಕಥೆಯ ಭಾರವನ್ನು ಮಾತುಗಳೇ ಹೊರುತ್ತವೆ. ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷದ, ಅಂದರೆ ಎರಡನೆಯ ತರಗತಿಯಿಂದ ಐದನೆಯ ತರಗತಿಯವರೆಗಿನ ಮಕ್ಕಳು ಇದರ ಓದುಗರು.

ಓದಲು ಬರುವುದು ಮತ್ತು ಓದುವುದು ಎರಡು ಬೇರೆ ಸಂಗತಿಗಳು. ಮೊದಲನೆಯದನ್ನು ಶಾಲೆ ಪಾಠಕ್ರಮದ ಮೂಲಕ ಕಲಿಸುತ್ತದೆ, ಪರೀಕ್ಷೆಯ ಮೂಲಕ ಅಳೆಯುತ್ತದೆ. ಎರಡನೆಯದು ಮಗುವಿನ ಇಚ್ಛೆಯಿಂದ ಮಾತ್ರ ನಡೆಯುವಂಥದು. ಅದನ್ನು ಕಲಿಸಲು ಬರುವುದಿಲ್ಲ, ಅದು ಬೆಳೆಯಲು ಬೇಕಾದ ಪರಿಸರವನ್ನು ಒದಗಿಸಲು ಮಾತ್ರ ಬರುತ್ತದೆ. ಉಡುಪಿ ಜಿಲ್ಲೆಯ ಕೋಟ ಮತ್ತು ಅದರ ಸುತ್ತಲಿನ ಕುಂದಾಪುರ, ಬೈಂದೂರು, ಬ್ರಹ್ಮಾವರ ಪ್ರದೇಶಕ್ಕೆ ಈ ಪರಿಸರ ಹೊಸದೇನಲ್ಲ ಎಂಬುದು, ದೀರ್ಘ ಕಥೆಯನ್ನು ಸಂಧಿ ಸಂಧಿಯಾಗಿ ಕೇಳಿ ಸವಿಯುವ ಒಂದು ಹಳೆಯ ಕ್ರಮವೇ ಈ ನೆಲದಲ್ಲಿದೆ ಎಂಬುದು, ಮತ್ತು ಇಂದಿನ ಮಗುವನ್ನು ಅಧ್ಯಾಯ ಪುಸ್ತಕದ ಕಡೆಗೆ ಕರೆದೊಯ್ಯುವ ಅತ್ಯಂತ ನಂಬಿಕೆಯ ದಾರಿ ಆ ಕ್ರಮವೇ ಎಂಬುದು ಈ ಉಪನ್ಯಾಸದ ಪ್ರತಿಪಾದನೆ.

2. ಮೂರನೆಯ ತರಗತಿಯ ತಿರುವು

ಓದಿನ ಬೆಳವಣಿಗೆಯನ್ನು ಹಂತಗಳಾಗಿ ವಿಂಗಡಿಸಿ 1983ರಲ್ಲಿ ಗ್ರಂಥ ಪ್ರಕಟಿಸಿದ ಅಮೆರಿಕದ ಶಿಕ್ಷಣತಜ್ಞೆ ಜೀನ್ ಚಾಲ್ ಅವರ ಪ್ರಕಾರ, ಮೊದಲ ಮೂರು ತರಗತಿಗಳಲ್ಲಿ ಮಗು ಓದುವುದನ್ನು ಕಲಿಯುತ್ತದೆ, ಅಲ್ಲಿಂದ ಮುಂದೆ ಓದಿನ ಮೂಲಕ ಉಳಿದೆಲ್ಲವನ್ನೂ ಕಲಿಯಬೇಕಾಗುತ್ತದೆ. ಕನ್ನಡದ ಮಗುವಿನ ಮಟ್ಟಿಗೆ ಈ ಮೊದಲ ಹಂತದ ದುಡಿಮೆ ಸಣ್ಣದಲ್ಲ. ವರ್ಣಮಾಲೆಯ ನಲವತ್ತೊಂಬತ್ತು ಅಕ್ಷರಗಳು, ಪ್ರತಿಯೊಂದು ವ್ಯಂಜನದ ಕಾಗುಣಿತ, ಅವುಗಳ ಮೇಲೆ ಒತ್ತಕ್ಷರಗಳು ಎಲ್ಲವೂ ಕಣ್ಣಿಗೆ ಪಳಗುವವರೆಗೆ ಮಗು ಒಂದೊಂದೇ ಅಕ್ಷರವನ್ನು ಬಿಡಿಸಿ, ಕೂಡಿಸಿ, ಪದವನ್ನು ಹಿಡಿಯಬೇಕಾಗುತ್ತದೆ. ಹಾಗೆ ವಾಕ್ಯದ ಕೊನೆಗೆ ತಲುಪುವಷ್ಟರಲ್ಲಿ ವಾಕ್ಯದ ಆರಂಭ ಮರೆತುಹೋಗಿರುತ್ತದೆ. ಓದು ಸರಾಗವಾಗದೆ ಕಥೆಯ ಸುಖ ಸಿಗುವುದಿಲ್ಲ, ಸುಖ ಸಿಗದೆ ಮಗು ಓದುವುದಿಲ್ಲ, ಓದದೆ ಓದು ಸರಾಗವಾಗುವುದಿಲ್ಲ. ಮನಶ್ಶಾಸ್ತ್ರಜ್ಞ ಕೀತ್ ಸ್ಟ್ಯಾನೊವಿಚ್ 1986ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಇದನ್ನು ‘ಮತ್ತಾಯ ಪರಿಣಾಮ’ ಎಂದು ಕರೆದರು. ಇದ್ದವನಿಗೆ ಇನ್ನಷ್ಟು ಸಿಗುತ್ತದೆ, ಇಲ್ಲದವನಿಂದ ಇದ್ದದ್ದೂ ಹೋಗುತ್ತದೆ ಎಂಬರ್ಥದ ಬೈಬಲಿನ ಮಾತಿನಿಂದ ಬಂದ ಹೆಸರು ಅದು. ಮೊದಲೇ ಸರಾಗವಾಗಿ ಓದಲು ಕಲಿತ ಮಗು ಹೆಚ್ಚು ಓದುತ್ತದೆ, ಅದರ ಪದಸಂಪತ್ತು ಬೆಳೆಯುತ್ತದೆ, ಮುಂದಿನ ಓದು ಇನ್ನೂ ಸುಲಭವಾಗುತ್ತದೆ. ಹಿಂದುಳಿದ ಮಗು ವರ್ಷದಿಂದ ವರ್ಷಕ್ಕೆ ಇನ್ನಷ್ಟು ಹಿಂದುಳಿಯುತ್ತದೆ.

ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಈ ತಿರುವಿಗೆ ಇನ್ನೊಂದು ವಿಶೇಷವೂ ಸೇರಿಕೊಳ್ಳುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ 2009–10ರ ಹೊತ್ತಿಗೆ ರಾಜ್ಯವ್ಯಾಪಿಯಾದ ‘ನಲಿ-ಕಲಿ’ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಕಲಿಕಾ ಕಾರ್ಡುಗಳ ನೆರವಿನಿಂದ, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಕಾರ್ಡು ಚಿಕ್ಕದು, ಅದರ ಮೇಲಿನ ಓದೂ ಚಿಕ್ಕದು. ನಾಲ್ಕನೆಯ ತರಗತಿಗೆ ಕಾಲಿಟ್ಟೊಡನೆ ಅದೇ ಮಗುವಿನ ಮುಂದೆ ಉದ್ದುದ್ದದ ಪಾಠಗಳಿರುವ ಪಠ್ಯಪುಸ್ತಕ ಬಂದು ನಿಲ್ಲುತ್ತದೆ. ಕಾರ್ಡಿಗೂ ಪಠ್ಯಕ್ಕೂ ನಡುವಿನ ಈ ಅಂತರದಲ್ಲಿ ಮಗುವಿಗೆ ದೀರ್ಘ ಓದಿನ ರೂಢಿ ಮಾಡಿಸಬಲ್ಲದ್ದು, ಪರೀಕ್ಷೆಯ ಭಯವಿಲ್ಲದ, ಮುಂದೇನಾಯಿತು ಎಂಬ ಕುತೂಹಲದಿಂದಲೇ ಪುಟ ತಿರುಗಿಸುವಂತೆ ಮಾಡುವ ಅಧ್ಯಾಯ ಪುಸ್ತಕ.

3. ಮನೆಮಾತು ಮತ್ತು ಪುಸ್ತಕದ ಮಾತು

ಕೋಟ ಸೀಮೆಯ ಮಗುವಿಗೆ ಎದುರಾಗುವ ಮತ್ತೊಂದು ಕಷ್ಟ ಭಾಷೆಯೊಳಗಿನದು. ಈ ಭಾಗದ ಹೆಚ್ಚಿನ ಮನೆಗಳ ಮಾತು ಕುಂದಗನ್ನಡ. ಪುಸ್ತಕ ‘ಹೋಗಬೇಕು’ ಎಂದು ಹೇಳಿದ್ದನ್ನು ಮನೆ ‘ಹೋಯ್ಕ್’ ಎಂದು ಹೇಳುತ್ತದೆ. ಪದದ ಕೊನೆಯ ಸ್ವರ ಸವೆದು, ಕ್ರಿಯಾಪದ ಚಿಕ್ಕದಾಗಿ, ಇಡೀ ವಾಕ್ಯದ ಲಯವೇ ಬೇರೆಯಾಗಿರುತ್ತದೆ. ಕರಾವಳಿಯ ಅಂಚಿನ ಹಲವು ಮನೆಗಳಲ್ಲಿ ಕೊಂಕಣಿ, ಬ್ರಹ್ಮಾವರದ ಕಡೆಗೆ ಹೋದಂತೆ ತುಳು ಮನೆಮಾತಾಗಿದೆ. ಹೀಗಾಗಿ ಅಚ್ಚಾದ ಕನ್ನಡ ಈ ಮಕ್ಕಳಿಗೆ ಅರ್ಧ ಪರಿಚಿತ, ಅರ್ಧ ಹೊಸದು. ಪುಸ್ತಕದ ಕನ್ನಡವನ್ನು ಮೊದಲು ಕಿವಿಯಿಂದ ಸಾಕಷ್ಟು ಕೇಳದ ಮಗು ಅದನ್ನು ಕಣ್ಣಿನಿಂದ ಓದುವಾಗ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕಾಗುತ್ತದೆ: ಅಕ್ಷರವನ್ನು ಬಿಡಿಸಬೇಕು, ಕೇಳಿ ಗೊತ್ತಿಲ್ಲದ ವಾಕ್ಯದ ನಡಿಗೆಯನ್ನೂ ಊಹಿಸಬೇಕು. ಮನೆಮಾತನ್ನು ತಿದ್ದುವುದರಿಂದ ಈ ಕಷ್ಟ ತೀರುವುದಿಲ್ಲ. ಅದರಿಂದ ಮಗುವಿನ ಬಾಯಿ ಕಟ್ಟುತ್ತದೆ, ಅಷ್ಟೆ. ಪುಸ್ತಕದ ಕನ್ನಡವನ್ನು ಮಗುವಿನ ಕಿವಿಗೆ ಧಾರಾಳವಾಗಿ ಹಾಕುವುದು, ಅರ್ಥವಾಗದ ಕಡೆ ಮನೆಮಾತಿನಲ್ಲೇ ವಿವರಿಸುವುದು ಇದಕ್ಕಿರುವ ಪರಿಹಾರ.

4. ಸಂಧಿ ಸಂಧಿಯಾಗಿ ಕೇಳುವ ಪರಂಪರೆ

ಈ ಪರಿಹಾರವನ್ನು ಈ ಸೀಮೆಯ ಹಿರಿಯರು ಬಹು ಹಿಂದೆಯೇ ರೂಢಿಸಿಕೊಂಡಿದ್ದರು. ಮಳೆಗಾಲದಲ್ಲಿ, ಯಕ್ಷಗಾನ ಮೇಳಗಳ ತಿರುಗಾಟ ನಿಂತು ಹೊರಗಿನ ಓಡಾಟ ಕಡಿಮೆಯಾದ ತಿಂಗಳುಗಳಲ್ಲಿ, ಅನುಕೂಲವುಳ್ಳ ಮನೆಗಳ ಜಗಲಿಯ ಮೇಲೆ ಕುಮಾರವ್ಯಾಸನ ಗದುಗಿನ ಭಾರತವನ್ನೋ ಲಕ್ಷ್ಮೀಶನ ಜೈಮಿನಿ ಭಾರತವನ್ನೋ ಓದಿಸಿ ಕೇಳುವ ಪದ್ಧತಿಯಿತ್ತು. ಒಬ್ಬರು ಪದ್ಯವನ್ನು ರಾಗವಾಗಿ ವಾಚಿಸುವರು, ಇನ್ನೊಬ್ಬರು ಅದರ ಅರ್ಥವನ್ನು ಆಡುಮಾತಿನಲ್ಲಿ ಬಿಡಿಸಿ ಹೇಳುವರು. ‘ಸಂಧಿ’ ಎಂದರೆ ಕಾವ್ಯದ ಒಂದು ಅಧ್ಯಾಯ. ಗದುಗಿನ ಭಾರತ 152 ಸಂಧಿಗಳ ಕಾವ್ಯ, ಜೈಮಿನಿ ಭಾರತ 34 ಸಂಧಿಗಳದು. ಇಷ್ಟು ದೀರ್ಘವಾದ ಕೃತಿಯನ್ನು ಒಂದೇ ದಿನ ಓದಿಸಲಾಗದು ಎಂಬುದೇ ಈ ಪದ್ಧತಿಯ ಬಲವಾಯಿತು. ಇಂದಿನ ಭಾಗ ಮುಗಿದು ನಾಳೆಯ ಭಾಗ ಬರುವವರೆಗಿನ ಹೊತ್ತಿನಲ್ಲಿ ಕಥೆ ಕೇಳುಗರ ಮನಸ್ಸಿನಲ್ಲಿ ಬೆಳೆಯುತ್ತಿತ್ತು. ಹಿರಿಯರ ಮಗ್ಗುಲಲ್ಲಿ ಕುಳಿತ ಮಗುವೂ, ಪದ್ಯದ ಎಲ್ಲ ಪದಗಳು ಅರ್ಥವಾಗದಿದ್ದರೂ, ಸುಧನ್ವನಿಗೆ ಏನಾಯಿತು, ಬಭ್ರುವಾಹನ ತಂದೆಯನ್ನು ಗುರುತಿಸಿದನೇ ಎಂಬ ಕಾತರದಿಂದ ಮರುದಿನ ಅದೇ ಜಾಗಕ್ಕೆ ಬಂದು ಕೂರುತ್ತಿತ್ತು.

ಯಕ್ಷಗಾನವೂ ಇದೇ ಶಿಕ್ಷಣವನ್ನು ಬೇರೊಂದು ಬಗೆಯಲ್ಲಿ ನೀಡಿದೆ. ಪ್ರಸಂಗದ ಪದ್ಯ ಗ್ರಾಂಥಿಕ ಕನ್ನಡದಲ್ಲಿರುತ್ತದೆ, ಭಾಗವತರು ಅದನ್ನು ಹಾಡಿದೊಡನೆ ಪಾತ್ರಧಾರಿಯು ಅರ್ಥವನ್ನು ಮಾತಿನಲ್ಲಿ ಬೆಳೆಸುತ್ತಾನೆ, ಕಥೆ ರಾತ್ರಿಯಿಡೀ ಮುಂದುವರಿಯುತ್ತದೆ. 1970ರ ದಶಕದಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಕೋಟದ ಎಚ್. ಶ್ರೀಧರ ಹಂದೆಯವರು ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳವು ಶಾಲೆಗೆ ಹೋಗುವ ಎಳೆಯರೇ ಇಡೀ ಪ್ರಸಂಗವನ್ನು ಆಡಿ ತೋರಿಸಬಲ್ಲರು ಎಂಬುದನ್ನು ಈ ನಾಡಿಗೂ ಹೊರನಾಡಿಗೂ ತೋರಿಸಿಕೊಟ್ಟಿತು. ಪಾತ್ರದ ಮಾತುಗಳನ್ನೂ ಹೆಜ್ಜೆಗಳನ್ನೂ ಕಲಿತು, ತನ್ನ ಸರದಿಗಾಗಿ ಕಾದು, ಕಥೆಯ ಎಳೆ ತಪ್ಪದಂತೆ ರಂಗಸ್ಥಳಕ್ಕೆ ಬರುವ ಮಗುವಿನ ಏಕಾಗ್ರತೆಯನ್ನು ಕಂಡ ಊರಿನಲ್ಲಿ, ಇಂದಿನ ಮಕ್ಕಳಿಗೆ ದೀರ್ಘ ಕಥೆಯನ್ನು ಹಿಡಿದುಕೊಳ್ಳುವ ತಾಳ್ಮೆಯಿಲ್ಲ ಎಂಬ ದೂರು ನಿಲ್ಲುವುದಿಲ್ಲ. ತಾಳ್ಮೆ ಮಕ್ಕಳಲ್ಲಿದೆ, ಅದನ್ನು ಪುಸ್ತಕದ ಕಡೆಗೆ ಹೊರಳಿಸುವ ಹಿರಿಯರ ದನಿ ಮನೆಗಳಲ್ಲೂ ಶಾಲೆಗಳಲ್ಲೂ ಕಡಿಮೆಯಾಗಿದೆ.

5. ಪಂಜೆಯವರಿಂದ ಹಾಲಾಡಿಯವರೆಗೆ: ಪುಸ್ತಕಗಳ ಚರಿತ್ರೆ

ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುವ ಆಧುನಿಕ ಕೆಲಸಕ್ಕೆ ಅಡಿಪಾಯ ಹಾಕಿದ ಪ್ರದೇಶಗಳಲ್ಲಿ ಕರಾವಳಿ ಮುಖ್ಯವಾದುದು. ಬಂಟ್ವಾಳದಲ್ಲಿ ಹುಟ್ಟಿ ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದ ಪಂಜೆ ಮಂಗೇಶರಾಯರು (1874–1937) ಗೆಳೆಯರೊಂದಿಗೆ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿ, ಮಗು ಬಾಯಿಪಾಠಕ್ಕಾಗಿ ಅಲ್ಲದೆ ಖುಷಿಗಾಗಿ ಓದಬೇಕು ಎಂಬ ನಿಲುವಿನಿಂದ ಹಾಡುಗಳನ್ನೂ ಕಥೆಗಳನ್ನೂ ಬರೆದರು, ಪ್ರಕಟಿಸಿದರು.

ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಶಿವರಾಮ ಕಾರಂತರು ಈ ಕೆಲಸವನ್ನು ಇನ್ನೊಂದು ದಿಕ್ಕಿಗೆ ವಿಸ್ತರಿಸಿದರು. 1930ರ ದಶಕದಲ್ಲಿ ಅವರು ಹೊರತಂದ ಮೂರು ಸಂಪುಟಗಳ ‘ಬಾಲಪ್ರಪಂಚ’ವು ಆಕಾಶ, ಭೂಮಿ, ಪ್ರಾಣಿ, ಯಂತ್ರ, ಜನಜೀವನ ಮುಂತಾದ ವಿಷಯಗಳನ್ನು ಚಿತ್ರಗಳ ಸಮೇತ ಮಕ್ಕಳಿಗೆ ತಿಳಿಯಹೇಳಿದ ವಿಶ್ವಕೋಶ. ಒಬ್ಬರೇ ಇಷ್ಟು ದೊಡ್ಡ ಕೆಲಸವನ್ನು ಮಕ್ಕಳಿಗಾಗಿ ಕೈಗೆತ್ತಿಕೊಂಡುದರ ಹಿಂದೆ, ಮಗುವಿನ ಕುತೂಹಲ ದೊಡ್ಡದು, ಅದಕ್ಕೆ ತುಂಡು ತುಂಡು ಮಾಹಿತಿ ಸಾಲದು ಎಂಬ ಗೌರವವಿದೆ. ‘ಮರಿಯಪ್ಪನ ಸಾಹಸಗಳು’, ‘ಢಂ ಢಂ ಢೋಲು’ ಮುಂತಾದ ಮಕ್ಕಳ ಪುಸ್ತಕಗಳನ್ನೂ ಬರೆದ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕುಣಿತ, ಚಿತ್ರಗಳ ಮೂಲಕ ಶಿಕ್ಷಣದ ಪ್ರಯೋಗಗಳನ್ನೂ ನಡೆಸಿದರು. ಜ್ಞಾನಪೀಠ ಪುರಸ್ಕೃತ ಕಾದಂಬರಿಕಾರರಾಗಿ ಅವರನ್ನು ಸ್ಮರಿಸುವ ಊರು, ಮಕ್ಕಳ ಓದಿಗಾಗಿ ದುಡಿದ ಕಾರಂತರನ್ನೂ ಅಷ್ಟೇ ಆದರದಿಂದ ನೆನೆಯಬೇಕಾಗಿದೆ.

ಆಮೇಲಿನ ದಶಕಗಳಲ್ಲಿ ಮಕ್ಕಳನ್ನು ದೀರ್ಘ ಓದಿಗೆ ಅಣಿಗೊಳಿಸಿದ ಪ್ರಕಟಣೆಗಳು ಕೆಲವಿವೆ. 1949ರಿಂದ ಕನ್ನಡದಲ್ಲೂ ಬರತೊಡಗಿದ ‘ಚಂದಮಾಮ’ವು ಧಾರಾವಾಹಿಗಳ ಮೂಲಕ ತಿಂಗಳಿಡೀ ಕಾಯುವ ರುಚಿಯನ್ನು ಕಲಿಸಿತು, ಅದರ ಬೇತಾಳ ಕಥೆಗಳ ಕೊನೆಗೆ ಬೇತಾಳ ಮತ್ತೆ ಮರವೇರುವ ಉಪಾಯವೇ ಮುಂದಿನ ಸಂಚಿಕೆಗೆ ಆಹ್ವಾನವಾಗಿತ್ತು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯು ವರ್ಷದ ದಿನಗಳಿಗೆ ಹೊಂದಿಸಿದ ಹನ್ನೆರಡು ಸಂಪುಟಗಳಾಗಿ ಬಂದು, ಮಲಗುವ ಮುನ್ನ ಮಗುವಿಗೆ ಓದಿ ಹೇಳುವ ಪದ್ಧತಿಗೆ ಅನೇಕ ಮನೆಗಳಲ್ಲಿ ಆಧಾರವಾಯಿತು. ರಾಷ್ಟ್ರೋತ್ಥಾನ ಸಾಹಿತ್ಯದ ‘ಭಾರತ ಭಾರತಿ ಪುಸ್ತಕ ಸಂಪದ’ದ ಐನೂರಕ್ಕೂ ಮಿಕ್ಕ ಕಿರುಜೀವನಚರಿತ್ರೆಗಳು ಒಂದು ಪುಸ್ತಕವನ್ನು ಪೂರ್ತಿ ಓದಿ ಮುಗಿಸಿದ ಹೆಮ್ಮೆಯನ್ನು ಲಕ್ಷಾಂತರ ಮಕ್ಕಳಿಗೆ ಕೊಟ್ಟವು. ಮಣಿಪಾಲದಿಂದ ಹೊರಟ ‘ತುಂತುರು’ ಈ ಜಿಲ್ಲೆಯದೇ ಮಕ್ಕಳ ಪತ್ರಿಕೆ.

ಇಷ್ಟಿದ್ದೂ ಕನ್ನಡದ ಕಪಾಟಿನಲ್ಲಿ ಒಂದು ಕೊರತೆ ಉಳಿದಿದೆ. ಶಿಶುಗೀತೆ, ನೀತಿಕಥೆ, ಪುರಾಣದ ಸಣ್ಣಕಥೆಗಳು ಹೇರಳವಾಗಿವೆ. ಹದಿಹರೆಯಕ್ಕೆ ಬಂದವರಿಗೆ ಪೂರ್ಣಚಂದ್ರ ತೇಜಸ್ವಿಯವರ ಬರವಣಿಗೆಯಂಥ ಸಮೃದ್ಧ ಓದಿದೆ. ನಡುವಿನ ಏಳರಿಂದ ಹತ್ತರ ವಯಸ್ಸಿಗೆ, ಇಂದಿನ ಮಗುವಿನ ಬದುಕನ್ನೇ ವಸ್ತುವಾಗಿಸಿಕೊಂಡ, ಸಣ್ಣ ಅಧ್ಯಾಯಗಳ ಪುಸ್ತಕಗಳು ವಿರಳ. ಈ ಸ್ಥಿತಿ ನಿಧಾನವಾಗಿ ಬದಲಾಗುತ್ತಿದೆ. ಸಾಹಿತ್ಯ ಅಕಾಡೆಮಿಯು 2010ರಲ್ಲಿ ಆರಂಭಿಸಿದ ಬಾಲಸಾಹಿತ್ಯ ಪುರಸ್ಕಾರವನ್ನು ಪಡೆದ ಕನ್ನಡ ಕೃತಿಗಳಲ್ಲಿ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’, 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ ಮಕ್ಕಳ ಕಾದಂಬರಿಗಳು. 2023ರಲ್ಲಿ ಈ ಪುರಸ್ಕಾರ ಪಡೆದ ‘ಸೂರಕ್ಕಿ ಗೇಟ್’ ಎಂಬ ಮಕ್ಕಳ ಕಾದಂಬರಿಯ ಲೇಖಕಿ ವಿಜಯಶ್ರೀ ಹಾಲಾಡಿಯವರು ಕುಂದಾಪುರ ತಾಲ್ಲೂಕಿನ ಹಾಲಾಡಿಯವರು ಎಂಬುದು ಈ ಸೀಮೆಗೆ ಸಂತಸದ ಸಂಗತಿ. ಇಂಥ ಕಾದಂಬರಿಗಳನ್ನು ಐದನೆಯ ತರಗತಿಯ ಮಗು ಸ್ವತಃ ಓದಬಲ್ಲದು. ಮೂರನೆಯ ತರಗತಿಯ ಮಗುವಿಗೆ ಹಿರಿಯರು ಓದಿ ಹೇಳಬಹುದು. ಅದಕ್ಕಿಂತ ಕೆಳಗಿನ ಮೆಟ್ಟಿಲಿಗೆ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯೂ, 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಸಂಸ್ಥೆಯು ಓದಿನ ಮಟ್ಟಕ್ಕನುಗುಣವಾಗಿ ನಾಲ್ಕು ಹಂತಗಳಲ್ಲಿ ಪ್ರಕಟಿಸುವ ಪುಸ್ತಕಗಳೂ ಸಿಗುತ್ತವೆ. ಅದೇ ಪಾತ್ರಗಳು ಪುಸ್ತಕದಿಂದ ಪುಸ್ತಕಕ್ಕೆ ಮುಂದುವರಿಯುವ ಮಾಲೆಗಳು ಕನ್ನಡದಲ್ಲಿ ಇನ್ನೂ ಹೆಚ್ಚಬೇಕು. ಮೊದಲ ಪುಸ್ತಕದಲ್ಲಿ ಪಾತ್ರಗಳ ಗೆಳೆತನವಾದ ಮಗುವಿಗೆ ಎರಡನೆಯ ಪುಸ್ತಕವನ್ನು ತೆರೆಯಲು ಯಾರ ಪ್ರೇರಣೆಯೂ ಬೇಕಾಗುವುದಿಲ್ಲ.

6. ಬಹುಮಾನ, ಪರೀಕ್ಷೆ ಮತ್ತು ಇಚ್ಛೆ

ಮಕ್ಕಳನ್ನು ಓದಿಸಲು ಹಿರಿಯರು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಎರಡು: ಓದಿದರೆ ಬಹುಮಾನ, ಓದಿದ ಮೇಲೆ ಪ್ರಶ್ನೆ. ಎರಡನ್ನೂ ಎಚ್ಚರದಿಂದ ಪರಿಶೀಲಿಸಬೇಕಾಗಿದೆ. ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದರಲ್ಲಿ ಮೊದಲೇ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡಲಾಗುವುದು ಎಂದು ಮುಂಚಿತವಾಗಿ ತಿಳಿಸಲಾಯಿತು. ಕೆಲವು ದಿನಗಳ ಅನಂತರ, ಬಿಡುವಿನ ಹೊತ್ತಿನಲ್ಲಿ, ಪ್ರಶಸ್ತಿಗಾಗಿ ಚಿತ್ರ ಬಿಡಿಸಿದ್ದ ಮಕ್ಕಳು ಉಳಿದ ಮಕ್ಕಳಿಗಿಂತ ಗಣನೀಯವಾಗಿ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಸಂತೋಷಕ್ಕಾಗಿ ಮಾಡುತ್ತಿದ್ದ ಕೆಲಸಕ್ಕೆ ಕೂಲಿ ಗೊತ್ತುಪಡಿಸಿದರೆ, ಕೂಲಿ ನಿಂತಾಗ ಕೆಲಸವೂ ನಿಲ್ಲುತ್ತದೆ ಎಂಬುದು ಇದರ ಪಾಠ. ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಎಂಬ ಸ್ಪರ್ಧೆಯಲ್ಲಿ ಮಕ್ಕಳು ತೆಳ್ಳಗಿನ ಪುಸ್ತಕಗಳನ್ನೇ ಆರಿಸಿ ಪುಟ ತಿರುವಿ ಹಾಕುವುದೂ, ನಿಧಾನವಾಗಿ ಓದುವ ಮಗು ಅವಮಾನಪಡುವುದೂ ಸಹಜ. ಕೊಡಲೇಬೇಕೆಂದಿದ್ದರೆ ಇನ್ನೊಂದು ಪುಸ್ತಕವನ್ನೇ, ಎಲ್ಲರಿಗೂ, ಉಡುಗೊರೆಯಾಗಿ ಕೊಡುವುದು ಮೇಲು.

ಪ್ರಶ್ನೆಗಳ ವಿಷಯವೂ ಹೀಗೆಯೇ. ಪ್ರತಿ ಅಧ್ಯಾಯದ ಕೊನೆಗೆ ಸಾರಾಂಶ ಬರೆಯಿಸಿ, ನೀತಿ ಏನು ಎಂದು ಕೇಳಿದರೆ ಕಥೆಪುಸ್ತಕವೂ ಪಠ್ಯಪುಸ್ತಕವಾಗುತ್ತದೆ. ಫ್ರಾನ್ಸಿನ ಶಿಕ್ಷಕರೂ ಕಾದಂಬರಿಕಾರರೂ ಆದ ದಾನಿಯೆಲ್ ಪೆನ್ನಾಕ್ 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಓದುಗನ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದರು. ಪುಟಗಳನ್ನು ಹಾರಿಸುವ, ಪುಸ್ತಕವನ್ನು ಅರ್ಧಕ್ಕೆ ಬಿಡುವ, ಅದೇ ಪುಸ್ತಕವನ್ನು ಮತ್ತೆ ಓದುವ ಹಕ್ಕುಗಳು ಅವುಗಳಲ್ಲಿ ಸೇರಿವೆ. ದೊಡ್ಡ ಓದುಗರೆಲ್ಲರೂ ದಿನನಿತ್ಯ ಚಲಾಯಿಸುವ ಈ ಸ್ವಾತಂತ್ರ್ಯವನ್ನು ಎಳೆಯ ಓದುಗರಿಗೆ ನಿರಾಕರಿಸಲು ನ್ಯಾಯವಾದ ಕಾರಣವಿಲ್ಲ. ಹಿಡಿಸದ ಪುಸ್ತಕವನ್ನು ಬಿಟ್ಟು ಇನ್ನೊಂದನ್ನು ಹುಡುಕುವ ಮಗು ತನ್ನ ಅಭಿರುಚಿಯನ್ನು ಕಂಡುಕೊಳ್ಳುತ್ತಿರುತ್ತದೆ. ಚಿತ್ರಕಥೆಯನ್ನೇ ಮತ್ತೆ ಮತ್ತೆ ಓದುವ ಮಗು ಓದಿನ ಸರಾಗತೆಯನ್ನು ಗಳಿಸುತ್ತಿರುತ್ತದೆ.

7. ಮನೆ, ಶಾಲೆ ಮತ್ತು ಗ್ರಂಥಾಲಯದ ಕರ್ತವ್ಯ

ಮೇಲಿನ ವಿಚಾರಗಳಿಂದ ಮೂರು ನೆಲೆಗಳಲ್ಲಿ ಆಗಬೇಕಾದ ಕೆಲಸ ಸ್ಪಷ್ಟವಾಗುತ್ತದೆ. ಮೊದಲನೆಯದು ಮನೆ. ದಿನಕ್ಕೆ ಕಾಲು ಗಂಟೆ, ಒಂದು ಅಧ್ಯಾಯದಷ್ಟು, ಗಟ್ಟಿಯಾಗಿ ಓದಿ ಹೇಳುವುದಕ್ಕೆ ಪಾಂಡಿತ್ಯ ಬೇಕಿಲ್ಲ. ಮಗು ತಾನೇ ಓದಲು ಕಲಿತಿದೆ ಎಂಬ ಕಾರಣಕ್ಕೆ ಓದಿ ಹೇಳುವುದನ್ನು ನಿಲ್ಲಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಮಗುವಿನ ಕಿವಿ ಗ್ರಹಿಸಬಲ್ಲ ಕಥೆ ಅದರ ಕಣ್ಣು ಓದಬಲ್ಲ ಕಥೆಗಿಂತ ಹಲವು ವರ್ಷ ಮುಂದಿರುತ್ತದೆಯಾದ್ದರಿಂದ, ಓದಿ ಹೇಳಬೇಕಾದ ಅಗತ್ಯ ಮೂರನೆಯ, ನಾಲ್ಕನೆಯ ತರಗತಿಗಳಲ್ಲೇ ಹೆಚ್ಚು. ಒಂದು ಪುಟ ಹಿರಿಯರು, ಒಂದು ಪುಟ ಮಗು ಎಂಬಂತೆ ಸರದಿಯ ಮೇಲೆ ಓದಬಹುದು; ತಪ್ಪು ಉಚ್ಚಾರವನ್ನು ಪದಪದಕ್ಕೂ ತಿದ್ದದೆ ಕಥೆ ಸಾಗಲು ಬಿಡಬಹುದು; ಅಜ್ಜಿಯೋ ಅಬ್ಬೆಯೋ ಕುಂದಗನ್ನಡದಲ್ಲಿ ಅರ್ಥ ಹೇಳಬಹುದು. ಈ ಸೀಮೆಯ ಅನೇಕ ಮನೆಗಳಲ್ಲಿ ತಂದೆ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಹೋಟೆಲ್ ಕೆಲಸದಲ್ಲಿರುತ್ತಾರೆ. ಪುಸ್ತಕದ ಒಂದು ಪ್ರತಿ ಅವರ ಬಳಿಯೂ ಇದ್ದರೆ, ರಾತ್ರಿಯ ಫೋನ್ ಮಾತಿನಲ್ಲಿ ಒಂದು ಅಧ್ಯಾಯಕ್ಕೂ ಜಾಗ ಸಿಗುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿಗಂತೂ ಕನ್ನಡದ ಕಥೆಯನ್ನು ಹೀಗೆ ಕೇಳುವುದು ಅನಿವಾರ್ಯವೇ ಆಗಿದೆ.

ಎರಡನೆಯದು ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಯಲ್ಲೂ ಕಥೆಪುಸ್ತಕಗಳನ್ನು ಒಳಗೊಂಡ ಗ್ರಂಥಾಲಯವಿರಬೇಕೆಂದು ವಿಧಿಸಿದೆ. ಪುಸ್ತಕಗಳು ಬೀರುವಿನ ಬೀಗದೊಳಗೆ ಸುರಕ್ಷಿತವಾಗಿದ್ದರೆ ಈ ವಿಧಿ ಅಕ್ಷರಶಃ ಪಾಲನೆಯಾದೀತು, ಅರ್ಥಪೂರ್ಣವಾಗಿ ಆಗದು. ಪುಸ್ತಕಗಳು ತರಗತಿಯೊಳಗೆ, ಮಗುವಿನ ಕೈಯೆತ್ತರದಲ್ಲಿ, ಮುಖಪುಟ ಕಾಣುವಂತೆ ಇರಬೇಕು. ಹರಿದುಹೋಗುವ ಪುಸ್ತಕವನ್ನು ನಷ್ಟವೆಂದು ಬಗೆಯದೆ ಬಳಕೆಯ ಸಾಕ್ಷಿಯೆಂದು ಒಪ್ಪುವ ಧೈರ್ಯವನ್ನು ಶಿಕ್ಷಕರಿಗೆ ಇಲಾಖೆಯೂ ಪೋಷಕರೂ ಕೊಡಬೇಕು. ಶಿಕ್ಷಕರು ಒಂದು ಪುಸ್ತಕದ ಮೊದಲ ಎರಡು ಅಧ್ಯಾಯಗಳನ್ನು ತರಗತಿಗೆ ಓದಿ, ಕಥೆ ಬಿಗಿಯಾಗುವಲ್ಲಿ ನಿಲ್ಲಿಸಿ, ಪುಸ್ತಕದ ಕೆಲವು ಪ್ರತಿಗಳನ್ನು ಅಲ್ಲೇ ಇಟ್ಟರೆ, ಮುಂದಿನದನ್ನು ಕಥೆಯೇ ಮಾಡಿಸುತ್ತದೆ. ವಾರದ ಕೆಲವು ಅವಧಿಗಳಲ್ಲಿ ಶಿಕ್ಷಕರೂ ಮಕ್ಕಳೂ ತಮಗೆ ಬೇಕಾದ ಪುಸ್ತಕ ಹಿಡಿದು ಮೌನವಾಗಿ ಓದುವುದು ಪಾಠಕ್ಕೆ ಅಡ್ಡಿಯಲ್ಲ. ಅಲ್ಲಿ ಗಳಿಸಿದ ಸರಾಗತೆ ಗಣಿತದ ಲೆಕ್ಕವನ್ನು ಓದಿ ತಿಳಿಯುವಾಗಲೂ ನೆರವಿಗೆ ಬರುತ್ತದೆ.

ಮೂರನೆಯದು ಗ್ರಾಮದ ಗ್ರಂಥಾಲಯ. 2019ರಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಅವುಗಳ ಸದಸ್ಯತ್ವವನ್ನು ಉಚಿತವಾಗಿ ಕೊಡಲಾಯಿತು. ಈಗ ಅವು ‘ಅರಿವು ಕೇಂದ್ರ’ಗಳೆಂದು ಹೆಸರಾಗಿವೆ. ಬೇಸಗೆ ರಜೆಯಲ್ಲಿ ಶಾಲೆಯ ಬಾಗಿಲು ಮುಚ್ಚಿದಾಗ ಮಗುವಿಗೆ ಪುಸ್ತಕ ಸಿಗುವ ತಾಣ ಇದೊಂದೇ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿ, ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮಂಡಿಸಿದ ಐದು ಸೂತ್ರಗಳಲ್ಲಿ, ಪ್ರತಿ ಓದುಗನಿಗೆ ಅವನದೇ ಆದ ಪುಸ್ತಕವೊಂದಿದೆ, ಪ್ರತಿ ಪುಸ್ತಕಕ್ಕೂ ಅದರದೇ ಆದ ಓದುಗನಿದ್ದಾನೆ ಎಂಬ ಆಶಯದ ಎರಡು ಸೂತ್ರಗಳು ಎಳೆಯ ಓದುಗರಿಗೆ ವಿಶೇಷವಾಗಿ ಅನ್ವಯಿಸುತ್ತವೆ. ದೋಣಿ, ಮೀನು, ಕಂಬಳ, ಕ್ರಿಕೆಟ್, ದೆವ್ವ, ನಾಯಿಮರಿ ಇವುಗಳಲ್ಲಿ ಯಾವುದರ ಮೇಲೆ ಯಾವ ಮಗುವಿಗೆ ಪ್ರೀತಿ ಎಂದು ಅರಿತು, ಅದಕ್ಕೆ ತಕ್ಕ ಪುಸ್ತಕವನ್ನು ಕೈಗಿಡುವ ಗ್ರಂಥಪಾಲಕರು ಊರಿಗೊಬ್ಬರಿದ್ದರೆ, ಪ್ರೇರಣೆಯ ಪ್ರಶ್ನೆ ಅರ್ಧ ಬಗೆಹರಿದಂತೆ.

8. ಉಪಸಂಹಾರ

ಕೋಟತಟ್ಟುವಿನಲ್ಲಿ ಕಾರಂತರ ಹೆಸರಿನ ಥೀಮ್ ಪಾರ್ಕಿದೆ, ಸಾಲಿಗ್ರಾಮಕ್ಕೆ ಮಕ್ಕಳ ಮೇಳದ ಕೀರ್ತಿಯಿದೆ, ಹಾಲಾಡಿಯ ಲೇಖಕಿಯ ಮಕ್ಕಳ ಕಾದಂಬರಿಗೆ ರಾಷ್ಟ್ರದ ಮನ್ನಣೆ ಸಂದಿದೆ, ಪಂಚಾಯತ್‌ಗಳಲ್ಲಿ ಗ್ರಂಥಾಲಯದ ಚೌಕಟ್ಟು ಸಿದ್ಧವಾಗಿದೆ. ಇವೆಲ್ಲವನ್ನೂ ಮಗುವಿನ ಒಂದು ಸಂಜೆಗೆ ಜೋಡಿಸುವ ಕೆಲಸ ಮಾತ್ರ ಬಾಕಿಯಿದೆ. ಮುಂದಿನ ಮಳೆಗಾಲದಿಂದ ಈ ಸೀಮೆಯ ಪ್ರತಿ ಅರಿವು ಕೇಂದ್ರದಲ್ಲಿ ಮಕ್ಕಳಿಗಾಗಿ ಒಂದು ಪುಸ್ತಕವನ್ನು ದಿನಕ್ಕೊಂದು ಅಧ್ಯಾಯದಂತೆ ಗಟ್ಟಿಯಾಗಿ ಓದುವ ಕ್ರಮ ಆರಂಭವಾಗಬೇಕು; ಅದಕ್ಕೆ ನಿವೃತ್ತ ಶಿಕ್ಷಕರೂ ಯಕ್ಷಗಾನದ ಅರ್ಥಧಾರಿಗಳೂ ದನಿಯಾಗಬೇಕು; ಊರಿನ ದತ್ತಿಗಳ ಒಂದು ಪಾಲು ಮಕ್ಕಳ ಪುಸ್ತಕಗಳ ಹಲವು ಪ್ರತಿಗಳಿಗೆ ಮೀಸಲಾಗಬೇಕು. ಇದರ ಯಶಸ್ಸನ್ನು ಓದಿದ ಪುಸ್ತಕಗಳ ಎಣಿಕೆಯಿಂದ ಅಳೆಯಬೇಕಾಗಿಲ್ಲ. ಒಂದು ಪುಸ್ತಕ ಮುಗಿಸಿದ ಮಗು ತಾನಾಗಿ ಬಂದು, ಇಂಥದೇ ಇನ್ನೊಂದು ಇದೆಯೇ ಎಂದು ಕೇಳಿದರೆ ಹಿರಿಯರ ಕೆಲಸ ಸರಿಯಾಗಿ ನಡೆದಿದೆ ಎಂದರ್ಥ. ಆ ಪ್ರಶ್ನೆ ಬಂದ ದಿನ ಕೊಡಲು ಇನ್ನೊಂದು ಪುಸ್ತಕ ಸಿದ್ಧವಿರುವಂತೆ ನೋಡಿಕೊಳ್ಳುವುದು ಈ ಊರಿನ ಹೊಣೆ.